ನಲವತ್ತೊಂದನೇ ಪುಟ

ಜನವರಿ ೬

ಪೂಜ್ಯ ಗುರುಗಳಿಗೆ,

ಹನ್ನೊಂದು ವರ್ಷಗಳಿಂದ ನಾನು ನಿಮಗೆ ಬರೆದ ಪತ್ರಗಳೆಲ್ಲ ಯಾವುದಾದರೊಂದು ಹೀಬ್ರೂ ಪದದ ಅರ್ಥ ಕೇಳುತ್ತ ಶುರುವಾಗಿವೆ. ಇದು ಸುದ್ದಿಯಿಂದ ಶುರುವಾಗುತ್ತಿದೆ. ನನ್ನಾಕೆ ತೀರಿಕೊಂಡಳು. ಡಿಸೆಂಬರ್ ಹತ್ತೊಂಬತ್ತು, ಬೆಳಗಿನ ಹನ್ನೊಂದು ಗಂಟೆ. ಹೊಟ್ಟೆಯ ಗೆಡ್ಡೆ. ಆಸ್ಪತ್ರೆಯವರು ಮೂರು ತಿಂಗಳು ಅಂದಿದ್ದರು, ಐದು ತಿಂಗಳು ನರಳಿದಳು.

ಕೊನೆಯ ವಾರಗಳಲ್ಲಿ ಅವಳು ದಿನಾ ಒಂದೇ ಅಧ್ಯಾಯ ಓದಿಸುತ್ತಿದ್ದಳು. ಯಾವುದೆಂದು ನಿಮಗೆ ಗೊತ್ತು. ಜನ ಮುಖ ತಿರುಗಿಸಿಕೊಂಡ ಆ ಸೇವಕ, ಕುರಿಯಂತೆ ಬಾಯಿ ತೆರೆಯದೆ ಹೋದವನು, ಬೇರೆಯವರ ನೋವು ಹೊತ್ತವನು. ಪ್ರವಾದಿ ಅದನ್ನು ಬರೆದದ್ದು ಶಿಲುಬೆಗೇರಿದ ನಮ್ಮ ಕರ್ತನಿಗಿಂತ ಎಷ್ಟೋ ನೂರು ವರ್ಷ ಮುಂಚೆ. ದೈವಜ್ಞಾನ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ನಾನು ಕಲಿಸುತ್ತ ಬಂದದ್ದು ಇದನ್ನೇ: ಸೌದೆ ಹೊತ್ತು ಬೆಟ್ಟ ಹತ್ತಿದ ಮಗ, ಎಲುಬು ಮುರಿಯಬಾರದ ಕುರಿಮರಿ, ಕಂಬಕ್ಕೇರಿಸಿದ ಕಂಚಿನ ಹಾವು, ಯುವತಿ ಹೆರುವ ಮಗು. ಹಳೆಯ ಗ್ರಂಥದ ತುಂಬ ಕೈಮರಗಳು, ಎಲ್ಲವೂ ಬರಲಿದ್ದ ಒಬ್ಬನೇ ರಕ್ಷಕನ, ಮೆಸ್ಸೀಯನ ಕಡೆ ತೋರಿಸುತ್ತವೆ.

ಸಾಯುವ ಮೂರು ದಿನ ಮುಂಚೆ ಅವಳು ತಟ್ಟನೆ ನನ್ನ ಓದು ನಿಲ್ಲಿಸಿದಳು. “ರೀ, ಇದು ನಿಜವಾಗ್ಲೂ ಆತನ ಬಗ್ಗೇನೇ ಬರೆದಿದ್ದಾ? ಇಲ್ಲ, ನಾವೇ ಹಾಗೆ ಓದ್ಕೊಂಡ್ವಾ?”

“ಇದೆಂಥ ಪ್ರಶ್ನೆ ಈಗ?” ಅಂದೆ.

“ನಿಮ್ಮನ್ನ ಕೇಳಿದ್ರೆ ನೀವು ಹೌದು ಅಂತೀರಿ. ನಿಮ್ಮ ಗುರುಗಳನ್ನ ಕೇಳಿ. ಅವರು ನಮ್ಮವರಲ್ಲ. ಅವರು ಹೇಳಿದ್ರೆ ನಂಬ್ತೀನಿ.”

ಬರೀತೀನಿ ಅಂದೆ. ಬರೆಯಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅವಳು ಮರೆಯುತ್ತಾಳೆ ಅಂದುಕೊಂಡೆ. ಅವಳು ಮರೆಯಲಿಲ್ಲ. ಪ್ರತಿದಿನ ಬೆಳಿಗ್ಗೆ “ಉತ್ತರ ಬಂತಾ?” ಅಂತ ಕೇಳಿದಳು.

ಆ ಸೇವಕ ಅಂದರೆ ನಿಮ್ಮ ಯೆಹೂದಿ ಜನಾಂಗವೇ ಎಂದು ನೀವು ಹಿಂದೆಯೇ ಬರೆದಿದ್ದೀರಿ. ಅದನ್ನು ಮತ್ತೆ ಕೇಳುತ್ತಿಲ್ಲ. ಒಂದೇ ಒಂದು ಸಲ, ನನ್ನ ಕಣ್ಣುಗಳಿಂದ ಆ ಅಧ್ಯಾಯ ಓದಿ. ಏನು ಕಂಡಿತೆಂದು ಹೇಳಿ. ಸತ್ತವಳ ಕೋರಿಕೆ ಅಂದುಕೊಳ್ಳಿ.

ನಿಮ್ಮ ಪ್ರಶ್ನೆಗಾರ


ಜನವರಿ ೨೩

ಪ್ರಿಯ ಪ್ರಶ್ನೆಗಾರರೇ,

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ಸಮಾಧಾನದ ಮಾತು ಹೇಳಲು ಎರಡು ದಿನ ಸಾಕಿತ್ತು, ನೀವು ಕೇಳಿದ್ದನ್ನು ಮಾಡಲು ಉಳಿದ ಹತ್ತು ದಿನ ಬೇಕಾಯಿತು. ನನ್ನವಳು ಹೋಗಿ ಹದಿನಾಲ್ಕು ವರ್ಷ. ಅವಳ ಕನ್ನಡಕ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ. ತೆಗೆದಿಡಲು ಮನಸ್ಸಾಗಿಲ್ಲ. ನಿಮಗೂ ಹೀಗೇ ಏನಾದರೂ ಉಳಿಯುತ್ತದೆ, ಉಳಿಯಲಿ ಬಿಡಿ.

ಗುರುವಾರ ಮಧ್ಯಾಹ್ನ ಪಾಠ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಕೈ ತೊಳೆದು ಒಬ್ಬನೇ ಕೂತೆ. ನಿಮ್ಮ ಕಣ್ಣುಗಳಿಂದ ಓದಿದೆ. ಆ ಅಧ್ಯಾಯದಲ್ಲಿ ನಿಮ್ಮ ಮೆಸ್ಸೀಯನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಅಳು ತಡೆಯಲಾಗಲಿಲ್ಲ. ಆಮೇಲೆ ಎದ್ದು ಹೋಗಿ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತು, ಮತ್ತೆ ಬಂದು ನನ್ನ ಕಣ್ಣುಗಳಿಂದ ಓದಿದೆ. ಆ ಮುಖ ಅಲ್ಲಿರಲಿಲ್ಲ. ಊರಿಂದೂರಿಗೆ ಅಟ್ಟಿಸಿಕೊಂಡ ನನ್ನ ಜನರಿದ್ದರು, ಮೂಟೆ ಹೊತ್ತ ನನ್ನ ಅಜ್ಜಿ ಇದ್ದಳು. ಅದಕ್ಕೂ ಅತ್ತೆ. ನಾನು ಬದುಕಿರುವುದೂ ಸಾಯುವುದೂ ಈ ಎರಡನೆಯ ಓದಿನಲ್ಲಿ.

ನಿಮ್ಮ ಕೈಮರಗಳ ಬಗ್ಗೆ ಜಗಳವಾಡುವ ಹೊತ್ತು ಇದಲ್ಲ. ಆದರೂ ಮೇಷ್ಟರ ಚಾಳಿ ಬಿಡುವುದಿಲ್ಲ. ಆ ಯುವತಿಯ ಮಾತನ್ನು ಪ್ರವಾದಿ ಹೇಳಿದ್ದು ಎದುರಿಗೆ ನಡುಗುತ್ತ ನಿಂತಿದ್ದ ಒಬ್ಬ ಅರಸನಿಗೆ. ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟರಲ್ಲಿ ನಿನ್ನ ಶತ್ರುಗಳಿರುವುದಿಲ್ಲ ಅಂದ. ಮೂಲದಲ್ಲಿರುವುದು ‘ಯುವತಿ’. ಗ್ರೀಕಿಗೆ ಹೋಗುವಾಗ ಅದು ‘ಕನ್ಯೆ’ ಆಯಿತು. ನೀವು ಅದರಾಚೆಗೂ ಒಂದು ಅರ್ಥ ಕಾಣುತ್ತೀರಿ. ಕಾಣಿರಿ. ಮೊದಲು ಆ ಅರಸನನ್ನೂ ಒಮ್ಮೆ ಕಾಣಿರಿ.

ಈ ಪತ್ರ ನಿಮಗಾಗಿ ಮತ್ತು ಆಕೆಗಾಗಿ ಬರೆದದ್ದು. ನಿಮ್ಮಲ್ಲೇ ಇರಲಿ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ತೊಗಲು ಕತ್ತರಿಸುವಾಗ ಹೋದ ಹೆಬ್ಬೆರಳಿನ ಜಾಗ ಚಳಿಗೆ ಸೆಳೆಯುತ್ತದೆ. ಮಗಳ ಮದುವೆ ಸೆಪ್ಟೆಂಬರಿಗೆ ಗೊತ್ತಾಗಿದೆ. ಹುಡುಗ ಕನ್ನಡಕದ ಅಂಗಡಿಯವರ ಮಗ. ಮಾವನ ಮನೆಗೆ ಹೋದರೂ ಧರ್ಮಗ್ರಂಥದ ಸುರುಳಿಯ ತೊಗಲಿನ ಹಾಳೆ ಹೊಲಿಯಲು ಬರ್ತೀನಿ ಅಂತಾಳೆ. ಮೂರು ಸುರುಳಿ ಬರೆದವನು ನಾನು, ಹೊಲಿದವಳು ಅವಳು.

ನಿಮ್ಮ ಲಿಪಿಕಾರ


ಮಾರ್ಚ್ ೧೮

ಪೂಜ್ಯ ಗುರುಗಳೇ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನಾಕೆಯ ಸ್ಮರಣೆಯ ಸಭೆಯಲ್ಲಿ ಎಲ್ಲರೆದುರು ಓದಿದೆ. ಪೂರ್ತಿ ಅಲ್ಲ, ಎಷ್ಟು ಬೇಕೋ ಅಷ್ಟು. ಇಡೀ ಸಭೆ ಅತ್ತಿತು. ಶಾಲೆಯ ಮುಖ್ಯಸ್ಥರು ನನ್ನ ಎರಡೂ ಕೈ ಹಿಡಿದುಕೊಂಡು, “ಇದನ್ನ ನಾಲ್ಕು ಗೋಡೆ ಮಧ್ಯ ಇಟ್ಕೊಂಡು ಕೂರ್ತೀರಾ? ಪುಸ್ತಕ ಮಾಡಿ” ಅಂದರು.

ಮಾಡುತ್ತಿದ್ದೇನೆ. ಇಪ್ಪತ್ತು ವರ್ಷಗಳ ಪಾಠವೆಲ್ಲ ಅದರಲ್ಲಿ ಬರುತ್ತದೆ. ಹೆಸರು ‘ಕೈಮರಗಳು’. ಬೆಳಿಗ್ಗೆ ಐದಕ್ಕೆ ಎದ್ದು ಬರೆಯಲು ಕೂರುತ್ತೇನೆ. ಮನೆ ಖಾಲಿಯಿದೆ ಅನ್ನುವುದು ಆಗ ಮರೆತುಹೋಗುತ್ತದೆ.

ನಿಮ್ಮ ಪ್ರಶ್ನೆಗಾರ


ಏಪ್ರಿಲ್ ೫

ಪ್ರಿಯ ಪ್ರಶ್ನೆಗಾರರೇ,

ಈ ಸಲ ಪ್ರಶ್ನೆ ನನ್ನದು. ಎಷ್ಟು ಬೇಕೋ ಅಷ್ಟು ಎಂದರೆ ಎಷ್ಟು?

ಅದು ಸಭೆಗೆ ಬರೆದ ಪತ್ರವಾಗಿರಲಿಲ್ಲ. ಪುಸ್ತಕದಲ್ಲಿ ಹಾಕಬೇಡಿ. ಹಾಕಲೇಬೇಕೆಂದರೆ ಪೂರ್ತಿ ಹಾಕಿ, ಎರಡೂ ಓದನ್ನು ಹಾಕಿ. ಅದೂ ಆಗದಿದ್ದರೆ ನನ್ನನ್ನು ಬಿಟ್ಟುಬಿಡಿ. ನಾವು ಇಲ್ಲಿ ಕೆಲವೇ ಮನೆಗಳವರು. ಒಬ್ಬರ ಮನೆಯಲ್ಲಿ ಲೋಟ ಬಿದ್ದರೆ ಇನ್ನೊಬ್ಬರ ಮನೆಗೆ ಕೇಳಿಸುತ್ತದೆ.

ದಯವಿಟ್ಟು ಕೂಡಲೇ ಉತ್ತರ ಬರೆಯಿರಿ.

ನಿಮ್ಮ ಲಿಪಿಕಾರ


ಆಗಸ್ಟ್ ೨

ಪೂಜ್ಯ ಗುರುಗಳೇ,

ಪುಸ್ತಕ ಬಂತು! ಮೊದಲ ಪ್ರತಿ ನನ್ನಾಕೆಯ ಪಟದ ಕೆಳಗಿಟ್ಟೆ, ಎರಡನೆಯದು ನಿಮಗೆ ಕಳಿಸುತ್ತಿದ್ದೇನೆ. ಉತ್ತರ ತಡವಾದದ್ದಕ್ಕೆ ಬೇಸರ ಬೇಡ. ಅಚ್ಚಿನ ಕರಡು ತಿದ್ದುವುದರಲ್ಲಿ ತಲೆ ಎತ್ತಲೂ ಪುರಸೊತ್ತಾಗಲಿಲ್ಲ.

ನಲವತ್ತೊಂದನೇ ಪುಟ ನೋಡಿ. ನಿಮ್ಮ ಸಂಕೋಚ ನನಗೆ ಅರ್ಥವಾಗಿತ್ತು. ಹೆಸರು ಹಾಕಿಲ್ಲ. ‘ಹೆಬ್ಬೆರಳಿಲ್ಲದ ಕೈಯಲ್ಲಿ ಮೂರು ಪವಿತ್ರ ಸುರುಳಿಗಳನ್ನು ಬರೆದ ಒಬ್ಬ ಯೆಹೂದಿ ಗುರು’ ಎಂದಷ್ಟೇ ಬರೆದಿದ್ದೇನೆ.

ಮದುವೆಗೆ ಇನ್ನೇನು ದಿನ ಹತ್ತಿರ ಬಂತಲ್ಲವೇ? ಮಗಳಿಗೆ ನನ್ನ ಆಶೀರ್ವಾದ.

ನಿಮ್ಮ ಪ್ರಶ್ನೆಗಾರ


ಆಗಸ್ಟ್ ೨೭

ಬೋಧಕರಿಗೆ,

ನಿಮ್ಮ ಪುಸ್ತಕ ನನ್ನ ಮನೆಗೆ ಬರುವ ಮುಂಚೆ ನಮ್ಮ ಪ್ರಾರ್ಥನಾ ಮಂದಿರಕ್ಕೆ ಬಂದಿತ್ತು. ಯಾರೋ ಪುಣ್ಯಾತ್ಮರು ನಲವತ್ತೊಂದನೇ ಪುಟಕ್ಕೆ ಕೆಂಪು ದಾರ ಇಟ್ಟು ಕಳಿಸಿದ್ದರು. ‘ಆ ಅಧ್ಯಾಯದಲ್ಲಿ ನಿಮ್ಮ ಮೆಸ್ಸೀಯನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಅಳು ತಡೆಯಲಾಗಲಿಲ್ಲ.’ ಅಲ್ಲಿಗೆ ಮುಗಿಸಿದ್ದೀರಿ. ಕೆಳಗೆ ಒಂದು ಹೂಬಳ್ಳಿಯ ಚಿತ್ರ.

ಹಿರಿಯರು ನನ್ನನ್ನು ಕರೆಸಿದರು. ಐದು ಜನ. ನಾಲ್ವರಿಗೆ ಅಕ್ಷರ ಕಲಿಸಿದವನು ನಾನೇ. ಐದನೆಯವರು ಬಟ್ಟೆ ಅಂಗಡಿಯ ಯಜಮಾನರು. ನನಗಿಂತ ದೊಡ್ಡವರು. ಅವರೇ ಕೇಳಿದರು.

“ಇದು ನಿಮ್ಮ ಮಾತಾ?”

“ನನ್ನದೇ. ಆದರೆ ಇಷ್ಟೇ ಅಲ್ಲ.”

“ಬರ್ದಿದ್ದು ಹೌದೋ ಅಲ್ವೋ?”

“ಹೆಂಡ್ತಿ ಸತ್ತವರು, ಸಂಕಟದಲ್ಲಿದ್ರು. ಕೇಳಿದ್ರು, ಬರೆದೆ. ಅದರ ಮುಂದೆ ಇನ್ನೂ ಇದೆ.”

“ಎಲ್ಲಿದೆ ಆ ಮುಂದಿನದು?”

“ಅವರ ಹತ್ರ.”

“ಹಾಗಾದ್ರೆ ತರ್ಸಿ,” ಅಂದರು. ಅವರ ಕಣ್ಣಲ್ಲಿ ನೀರಿತ್ತು. “ಹೆಂಗಾದ್ರೂ ಮಾಡಿ ತರ್ಸಿ. ನನ್ನ ಕೈ ಕಟ್ಟಿಹಾಕ್ಬೇಡಿ.”

ಅಲ್ಲಿಯವರೆಗೆ ಶಾಲೆಗೆ ಬರಬೇಡಿ ಅಂದಿದ್ದಾರೆ. ಸುರುಳಿಗಳ ಮಾತು ಇನ್ನೂ ಕೆಟ್ಟದ್ದು. ನಂಬಿಕೆ ಬಿಟ್ಟವನ ಕೈಯಲ್ಲಿ ಬರೆದ ಸುರುಳಿಯನ್ನು ನಾವು ಓದುವುದಿಲ್ಲ. ಮೂವತ್ತೊಂದು ವರ್ಷದ ಕೆಲಸಕ್ಕೆ ಬೀಗ ಹಾಕಿದ್ದಾರೆ.

ನಾನು ನಿಮ್ಮನ್ನು ಬೈಯುತ್ತಿಲ್ಲ. ಆ ಪತ್ರದ ಮೂಲ ಹಾಳೆ, ಜೊತೆಗೆ ‘ನಾನೇ ಅರ್ಧಕ್ಕೆ ಕತ್ತರಿಸಿದೆ’ ಎಂದು ನಿಮ್ಮ ಕೈಯಲ್ಲಿ ಒಂದು ಸಾಲು. ಇಷ್ಟನ್ನು ಹಿರಿಯರಿಗೆ ಕಳಿಸಿ. ಸೆಪ್ಟೆಂಬರ್ ಹದಿನೈದರೊಳಗೆ. ಮದುವೆ ಇಪ್ಪತ್ತೆರಡಕ್ಕೆ.


ಸೆಪ್ಟೆಂಬರ್ ೨೦

ಪೂಜ್ಯ ಗುರುಗಳೇ,

ನಿಮ್ಮ ಪತ್ರ ಬಂದಾಗ ನಾನು ಊರಲ್ಲಿರಲಿಲ್ಲ. ಪುಸ್ತಕದ ಕುರಿತು ಮಾತಾಡಲು ಐದಾರು ಸಭೆಗಳಿಗೆ ಕರೆದಿದ್ದರು. ಓದಿ ಕಣ್ಣೀರು ಬಂತು.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಾನು ನಿಮ್ಮ ಒಂದು ಅಕ್ಷರವನ್ನಾದರೂ ತಿದ್ದಿದೆನೇ? ಇದ್ದದ್ದನ್ನೇ ಹಾಕಿದ್ದೇನೆ. ‘ಕತ್ತರಿಸಿದೆ’ ಎಂದು ಬರೆದುಕೊಟ್ಟರೆ ಸುಳ್ಳುಗಾರ ಅನ್ನಿಸಿಕೊಳ್ಳುವವನು ನಾನೊಬ್ಬನೇ ಅಲ್ಲ. ಈ ಪುಸ್ತಕ ಓದಿ ಗಟ್ಟಿಯಾದವರ ನಂಬಿಕೆ ಏನಾಗಬೇಕು? ನಮ್ಮ ಮುಖ್ಯಸ್ಥರೂ ಸ್ವಲ್ಪ ಕಾಯಿರಿ ಅನ್ನುತ್ತಾರೆ. ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ನನ್ನ ಹೆಸರು ಓಡಾಡುತ್ತಿದೆ.

ಅಲ್ಲಿ ನಿಮ್ಮನ್ನು ಯಾರೂ ಬಾಳಗೊಡದಿದ್ದರೆ ಇಲ್ಲಿಗೆ ಬಂದುಬಿಡಿ. ಹೀಬ್ರೂ ಕಲಿಸುವ ಹುದ್ದೆಯಿದೆ, ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿಯಿವೆ.

ಮದುವೆ ಸುಸೂತ್ರವಾಗಿ ನಡೆಯಲಿ.

ನಿಮ್ಮ ಪ್ರಶ್ನೆಗಾರ


ಅಕ್ಟೋಬರ್ ೧೧

ಬೋಧಕರಿಗೆ,

ಮದುವೆ ನಡೆಯಲಿಲ್ಲ. ಹುಡುಗನ ತಂದೆ ಬಾಗಿಲಲ್ಲೇ ನಿಂತು, “ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ, ಮುಂದೆ ಮೊಮ್ಮಕ್ಕಳಿಗೆ ಜನ ಏನಂತಾರೆ ಹೇಳಿ” ಅಂದರು. ಹುಡುಗ ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ. ಮಗಳು ಒಳಗೆ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

ಓದಬಾರದ ಸುರುಳಿಗೆ ನಮ್ಮಲ್ಲಿ ಮಾಡುವ ಹಾಗೆ, ಸೋಮವಾರ ಅವನ್ನು ಹೂತರು. ಹಿರಿಯರು ಮೂರು ವಾರ ಹೆಚ್ಚಿಗೆ ಕಾದರು, ಅದನ್ನು ಹೇಳಲೇಬೇಕು. ಪ್ರತಿದಿನ ಅಂಚೆಯವನನ್ನು ಕೇಳಿದರು. ಗೋಣಿಚೀಲದಲ್ಲಿ ಸುತ್ತಿ, ಸ್ಮಶಾನದ ಮೂಲೆಯಲ್ಲಿ ಹೆಣ ಇಳಿಸಿದ ಹಾಗೆ ಇಳಿಸಿದರು. ನನಗೆ ಬರಬೇಡಿ ಅಂದಿದ್ದರು. ಗೋಡೆಯಾಚೆ ನಿಂತು ಗುದ್ದಲಿಯ ಸದ್ದು ಕೇಳಿದೆ. ಮೊದಲ ಸುರುಳಿಯ ಕೊನೆಯ ಅಕ್ಷರ ಬರೆದ ದಿನ ನನ್ನ ಹೆಂಡತಿ ಬೀದಿಗೆಲ್ಲ ಸಿಹಿ ಹಂಚಿದ್ದಳು.

ಇಲ್ಲಿಗೆ ಬಂದುಬಿಡಿ ಎಂದು ಬರೆದಿದ್ದೀರಿ. ಮನೆ ಸುಟ್ಟವನೇ ಜಗುಲಿ ತೋರಿಸಿ ಕೂರು ಅಂದ ಹಾಗಾಯಿತು.

ಹಾಳೆ ಕಳಿಸಿ. ಸಾಲು ಬರೆಯದಿದ್ದರೂ ಸರಿ, ಹಾಳೆಯನ್ನಾದರೂ ಕಳಿಸಿ. ಮಗಳ ಸಲುವಾಗಿ ಬೇಡುತ್ತಿದ್ದೇನೆ. ನಾನು ಈವರೆಗೆ ಯಾರನ್ನೂ ಬೇಡಿದವನಲ್ಲ.


ಡಿಸೆಂಬರ್ ೧೯

ಪೂಜ್ಯ ಗುರುಗಳೇ,

ಇವತ್ತಿಗೆ ನನ್ನಾಕೆ ಹೋಗಿ ಒಂದು ವರ್ಷ. ಬೆಳಿಗ್ಗೆ ಆ ಅಧ್ಯಾಯವನ್ನೇ ಓದಿದೆ, ಓದುತ್ತ ಮೈ ಜುಮ್ಮೆಂದಿತು. ಸ್ವಂತ ಜನರಿಂದಲೇ ತಿರಸ್ಕಾರ, ಮುಖ ಮರೆಸಿಕೊಳ್ಳುವ ನೆರೆಹೊರೆ, ಮಾಡದ ತಪ್ಪಿಗೆ ಶಿಕ್ಷೆ. ಗುರುಗಳೇ, ಅದೆಲ್ಲ ನಿಮ್ಮ ಮೇಲೆ ಬಂದಿದೆಯಲ್ಲ! ನೀವು ಆತನ ಹೆಜ್ಜೆಯಲ್ಲೇ ನಡೆಯುತ್ತಿದ್ದೀರಿ, ನಿಮಗೇ ಗೊತ್ತಿಲ್ಲ. ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ನಿಮ್ಮ ಸಂಕಟವನ್ನೂ ಸೇರಿಸಿದ್ದೇನೆ. ಓದಿದವರೆಲ್ಲ ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ.

ಹಾಳೆಯನ್ನು ಕಳಿಸುವುದು ಈಗ ಕಷ್ಟ. ನಾನು ಮುಖ್ಯಸ್ಥನಾದ ದಿನ ಶಾಲೆಯವರು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಗ್ರಂಥಾಲಯದ ಗೋಡೆಗೆ ತೂಗುಹಾಕಿದರು. ಅದು ಈಗ ನನ್ನೊಬ್ಬನ ಸ್ವತ್ತಲ್ಲ.

ಮಗಳಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ದೇವರು ಇಟ್ಟಿರುತ್ತಾನೆ.

ನಿಮ್ಮ ಪ್ರಶ್ನೆಗಾರ


ಫೆಬ್ರವರಿ ೧೭

ಗುರುಗಳೇ,

ಎರಡು ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಇರಬೇಕೆಂದು ಕೇಳುವ ಮುಖವೂ ನನಗಿಲ್ಲ.

ಹೋದ ಬುಧವಾರ ಗ್ರಂಥಾಲಯದಲ್ಲಿ ಪಾಠ ಮಾಡುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಒಬ್ಬ ವಿಧವೆ ಕೂರುತ್ತಾಳೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಈಗ ಓದಲು ಬಂದವಳು. ನನ್ನಾಕೆಯನ್ನು ಕೊನೆಯ ವಾರ ನೋಡಿಕೊಂಡವಳೂ ಅವಳೇ. ಪಾಠದ ನಡುವೆ ಎದ್ದು ಹೋಗಿ ಚೌಕಟ್ಟನ್ನು ಗೋಡೆಯಿಂದ ಇಳಿಸಿದಳು.

“ಸರ್, ಹಾಳೆ ಹಿಂದ್ಗಡೆನೂ ಶಾಯಿ ಕಾಣ್ತಿದೆ. ಬರೆದಿರೋ ಪುಟನ ಯಾಕೆ ಗೋಡೆ ಕಡೆ ತಿರುಗಿಸಿದೀರಿ?”

“ಅದು ಮನೆ ವಿಷಯ,” ಅಂದೆ.

ಅವಳು ಹಿಂದಿನ ಹಲಗೆ ಬಿಚ್ಚಿ ನಿಂತಲ್ಲೇ ಗಟ್ಟಿಯಾಗಿ ಓದಿದಳು. ಕಿಟಕಿ, ಎರಡನೆಯ ಓದು, ನಿಮ್ಮ ಅಜ್ಜಿಯ ಮೂಟೆ, ನಿಮ್ಮಲ್ಲೇ ಇರಲಿ ಅನ್ನುವ ಮಾತು. ಓದಿ ಮುಗಿಸಿ, “ಅಮ್ಮಾವ್ರು ಮೂರು ದಿನ ಕೇಳ್ತಾನೇ ಇದ್ರು ಸರ್, ಪತ್ರ ಹಾಕಿದ್ರಾ ಅಂತ. ನೀವು ಹಾಕಿದೀನಿ ಅಂದ್ರಿ. ನಾನಲ್ಲೇ ಇದ್ದೆ,” ಅಂದಳು.

ನಲವತ್ತು ಜನ ಕೇಳಿಸಿಕೊಂಡರು.

ಹೌದು, ನನ್ನಾಕೆಗೆ ಹಾಗೆ ಸುಳ್ಳು ಹೇಳಿದ್ದೆ. ನಿಮಗೂ ಅದನ್ನು ಮುಚ್ಚಿಟ್ಟೆ. ಬರೀತೀನಿ ಅಂದೆ ಎಂದಷ್ಟೇ ತಿಳಿಸಿದ್ದೆ.

ಶಾಲೆಯವರು ರಾಜೀನಾಮೆ ಕೇಳುವ ಮುಂಚೆ ನಾನೇ ಬರೆದುಕೊಟ್ಟೆ. ಇವತ್ತು ಮೂಲ ಹಾಳೆಯನ್ನು ನಿಮ್ಮ ಹಿರಿಯರಿಗೆ ಕಳಿಸಿದ್ದೇನೆ. ‘ನಾನೇ ಕತ್ತರಿಸಿದೆ, ತಿಳಿದೇ ಕತ್ತರಿಸಿದೆ’ ಎಂದು ಜೊತೆಗೆ ಬರೆದಿದ್ದೇನೆ. ಸಿಕ್ಕಿಬಿದ್ದ ಮೇಲೆ ಮಾಡಿದ ಕೆಲಸ, ಅದಕ್ಕೆ ಬೆಲೆ ಎಷ್ಟೆಂದು ನನಗೆ ಗೊತ್ತು.

ಕ್ಷಮೆ ಕೇಳುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಇದೇ ಕೊನೆಯದು. ಆ ಗುರುವಾರ ಮಧ್ಯಾಹ್ನ ಆ ಮುಖ ನಿಜವಾಗಿಯೂ ನಿಮಗೆ ಕಂಡಿತ್ತೇ? ಇಲ್ಲ, ಹೆಂಡತಿ ಸತ್ತವನಿಗೆ ಕರುಣೆಯಿಂದ ಹಾಗೆ ಬರೆದಿರಾ? ನಾನು ಈಗ ಆ ಅಧ್ಯಾಯ ತೆರೆದರೆ ಏನೂ ಕಾಣುವುದಿಲ್ಲ. ಬರೀ ಅಕ್ಷರ ಕಾಣುತ್ತದೆ. ಹೌದು ಅಥವಾ ಅಲ್ಲ, ಒಂದು ಪದ ಬರೆಯಿರಿ ಸಾಕು.

ಪ್ರಶ್ನೆಗಾರ


ಮಾರ್ಚ್ ೯

ಬೋಧಕರಿಗೆ,

ನಾನು ಲಿಪಿಕಾರರ ಮಗಳು. ಅಪ್ಪ ಫೆಬ್ರವರಿ ಒಂಬತ್ತನೇ ತಾರೀಕು ತೀರಿಕೊಂಡರು. ನಿಮ್ಮ ಪತ್ರ ಬಂದದ್ದು ಇಪ್ಪತ್ತೆಂಟಕ್ಕೆ.

ಹಿರಿಯರಿಗೆ ನೀವು ಕಳಿಸಿದ ಹಾಳೆಯೂ ಅದೇ ದಿನ ಸಿಕ್ಕಿತು. ಬಟ್ಟೆ ಅಂಗಡಿಯ ಯಜಮಾನರು ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. “ಬರೆದಿದ್ದೆಲ್ಲ ಸರಿಯಾಗೇ ಇತ್ತಲ್ಲಮ್ಮ,” ಅಂದರು. ಮರುದಿನ ಗುದ್ದಲಿ ತರಿಸಿ ಸುರುಳಿಗಳನ್ನು ಅಗೆಸಿದರು. ನಾನೂ ಹೋದೆ, ಈ ಸಲ ಬೇಡ ಅನ್ನುವವರಿರಲಿಲ್ಲ. ಐದು ತಿಂಗಳ ಜೇಡಿಮಣ್ಣು. ತೊಗಲು ಉಬ್ಬಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ನೆನೆದ ಚಪ್ಪಲಿಯ ಹಾಗಾಗಿತ್ತು. ಬಿಡಿಸಲು ಹೋದಲ್ಲೆಲ್ಲ ಅಕ್ಷರಗಳು ನನ್ನ ಬೆರಳಿಗೆ ಮಸಿಯಾಗಿ ಬಂದವು. ನನ್ನ ಹೊಲಿಗೆ ಮಾತ್ರ ಗಟ್ಟಿಯಾಗಿತ್ತು. ಮೂರನ್ನೂ ಮತ್ತೆ ಅದೇ ಗುಂಡಿಗೆ ಹಾಕಿದೆವು. ಕನ್ನಡಕದ ಅಂಗಡಿಯವರ ಮಗನಿಗೆ ಜನವರಿಯಲ್ಲಿ ಮದುವೆಯಾಯಿತು.

ಅಪ್ಪ ನಿಮ್ಮ ಡಿಸೆಂಬರಿನ ಪತ್ರವನ್ನು ಎರಡು ಸಲ ಓದಿದರು. ‘ಆತನ ಹೆಜ್ಜೆಯಲ್ಲೇ’ ಅನ್ನುವ ಕಡೆ ನಕ್ಕರು. ಆ ವಾರದಿಂದ ಊಟ ಬಿಟ್ಟರು. ಸಾಯುವ ನಾಲ್ಕು ದಿನ ಮುಂಚೆ ನಿಮಗೊಂದು ಪತ್ರ ಹೇಳಿ ಬರೆಸಿದರು, ನೀವೇನು ಕೇಳಬಹುದೆಂದು ಮೊದಲೇ ಗೊತ್ತಿದ್ದವರ ಹಾಗೆ. “ಕಳಿಸ್ತೀಯಲ್ಲ?” ಅಂದರು. ಹೂಂ ಅಂದೆ. ಅದನ್ನು ಇಲ್ಲಿ ನಕಲು ಮಾಡುತ್ತಿದ್ದೇನೆ.

‘ಬೋಧಕರೇ, ಕೈ ನಡೆಯುವುದಿಲ್ಲ, ಮಗಳಿಂದ ಬರೆಸುತ್ತಿದ್ದೇನೆ. ಪ್ರವಾದಿಯ ಮಾತನ್ನು ನಿಮ್ಮವರು ನಿಮ್ಮ ಹಾಗೆ ಓದಿದರು, ನಮ್ಮವರು ನಮ್ಮ ಹಾಗೆ. ಅದಕ್ಕೆ ನಾನು ಯಾವತ್ತೂ ನಿಮ್ಮನ್ನು ದ್ವೇಷಿಸಲಿಲ್ಲ. ಸತ್ತ ಪ್ರವಾದಿ ಎದ್ದು ಬಂದು ನಾನು ಹೇಳಿದ್ದು ಅದಲ್ಲ ಅನ್ನಲಾರ. ನಾನು ಬದುಕಿದ್ದೆ. ಅದಲ್ಲ ಎಂದು ಮೂರು ಸಲ ಬರೆದೆ. ನೀವು ನನ್ನನ್ನೂ ಸತ್ತವರ ಜೊತೆ ಸೇರಿಸಿ ಓದಿದಿರಿ. ಇರಲಿ. ನಿಮ್ಮ ಹೆಂಡತಿ ಕೇಳಿದ ಪ್ರಶ್ನೆಗೆ ನಾನು ಆಗ ನೇರ ಉತ್ತರ ಕೊಡಲಿಲ್ಲ, ಎರಡೂ ಕಡೆ ಕಾಲಿಟ್ಟು ತಪ್ಪಿಸಿಕೊಂಡೆ. ಆ ತಾಯಿಯ ಋಣ ಉಳಿಸಿಕೊಂಡು ಹೋಗಲಾರೆ. ಆ ಗುರುವಾರ ನಿಜವಾಗಿ ಏನಾಯಿತೆಂದರೆ,’

ಇದರ ಮುಂದೆ ಒಂಬತ್ತು ಸಾಲುಗಳಿವೆ. ನಿಮಗೆ ಬೇಕಾದ ಉತ್ತರ ಅವುಗಳಲ್ಲಿದೆ, ಸುತ್ತುಬಳಸಿಲ್ಲದೆ, ಸ್ಪಷ್ಟವಾಗಿದೆ. ಅಪ್ಪ ನಿಮ್ಮನ್ನು ಕ್ಷಮಿಸಿದರೋ ಇಲ್ಲವೋ ಅನ್ನುವುದೂ ಅಲ್ಲೇ ಇದೆ. ಅಪ್ಪನಿಗೆ ಕೊಟ್ಟ ಮಾತಿನಂತೆ ಪತ್ರ ಕಳಿಸುತ್ತಿದ್ದೇನೆ. ಪೂರ್ತಿ ಅಲ್ಲ.

ಆ ಹಾಳೆಯನ್ನು ಇವತ್ತು ಮಧ್ಯಾಹ್ನ ಒಲೆಗೆ ಹಾಕಿದೆ. ಅದರಲ್ಲಿದ್ದದ್ದು ನನಗೆ ಬಾಯಿಪಾಠವಾಗಿದೆ. ನೀವು ಬಂದು ಹೊಸ್ತಿಲಲ್ಲಿ ನಿಂತು ಕೇಳಿದರೂ ಹೇಳುವುದಿಲ್ಲ.

ಬರಬೇಡಿ.